ಕಬಡ್ಡಿ ಆಡುವ ಹುಡುಗಿಯರ ದಣಿವು: ಅಳೆಯುವ ಬಗೆ, ಇಳಿಸುವ ಬಗೆ

ಮಹಿಳೆಯರ ಕಬಡ್ಡಿ ಪಂದ್ಯವೆಂದರೆ 15 ನಿಮಿಷಗಳ ಎರಡು ಅವಧಿ, ನಡುವೆ 5 ನಿಮಿಷಗಳ ವಿರಾಮ. ಕೇಳಲು ಚಿಕ್ಕದೆನಿಸಿದರೂ ಎದುರಾಳಿಗಳ ಅಂಕಣಕ್ಕೆ ಹೋಗಿಬರುವ 30 ಸೆಕೆಂಡಿನ ಒಂದೊಂದು ರೇಡಿನಲ್ಲೂ ನುಗ್ಗುವುದು, ತಟ್ಟನೆ ನಿಂತು ತಿರುಗುವುದು, ಹಿಡಿತ ಬಿಡಿಸಿಕೊಳ್ಳುವುದು ಇರುವುದರಿಂದ ಸ್ನಾಯುಗಳು ಬಹಳ ಬಳಲುತ್ತವೆ, ಮೈಕೈ ನೋವು ಆಡಿದ ದಿನಕ್ಕಿಂತ ಮುಂದಿನ ಒಂದೆರಡು ದಿನ ಜೋರಾಗುತ್ತದೆ. ಆದರೆ ಕೋಲಾರದ ಸುತ್ತಲಿನ ಹಳ್ಳಿಗಳಿಂದ ಅಭ್ಯಾಸಕ್ಕೆ ಬರುವ ಹುಡುಗಿಯರ ದಣಿವನ್ನು ಅಂಕಣದೊಳಗಿನ ಆಟದಿಂದ ಮಾತ್ರ ಅಳೆದರೆ ಲೆಕ್ಕ ತಪ್ಪುತ್ತದೆ. ಬೆಳಗ್ಗೆ ಐದಕ್ಕೆದ್ದು ಹಾಲು ಕರೆದು ಡೈರಿಗೆ ಹಾಕಿ, ಟೊಮ್ಯಾಟೊ ತೋಟದಲ್ಲಿ ಎರಡು ಗಂಟೆ ಬಗ್ಗಿ ಹಣ್ಣು ಕಿತ್ತು ಬಂದವಳ ಸೊಂಟ ಅಭ್ಯಾಸಕ್ಕೆ ಮುಂಚೆಯೇ ಸೋತಿರುತ್ತದೆ.

ಆದ್ದರಿಂದ ಮೊದಲು ಒಂದು ನೋಟ್‌ಬುಕ್ ಇಡಿ. ಅಭ್ಯಾಸ ಮುಗಿದ ಅರ್ಧ ಗಂಟೆಯ ನಂತರ, ಎಷ್ಟು ಕಷ್ಟವಾಯಿತೆಂದು ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡುವಂತೆ ಒಬ್ಬೊಬ್ಬರನ್ನೇ ಬೇರೆಯಾಗಿ ಕರೆದು ಕೇಳಿ. ಸಾಲಾಗಿ ನಿಲ್ಲಿಸಿ ಕೇಳಿದರೆ ಪ್ರಯೋಜನವಿಲ್ಲ; ನಾಯಕಿ ನಾಲ್ಕು ಎಂದರೆ ಉಳಿದವರೆಲ್ಲ ನಾಲ್ಕೇ ಎನ್ನುತ್ತಾರೆ. ಆ ಅಂಕವನ್ನು ಅಭ್ಯಾಸದ ನಿಮಿಷಗಳಿಂದ ಗುಣಿಸಿ: 90 ನಿಮಿಷ, ಅಂಕ 6 ಎಂದರೆ 540. ಕ್ರೀಡಾ ತರಬೇತಿಯಲ್ಲಿ ಬಳಕೆಯಲ್ಲಿರುವ ಈ ಲೆಕ್ಕಕ್ಕೆ ಮನೆಗೆಲಸವನ್ನೂ ಸೇರಿಸುವುದು ನನ್ನದೇ ರೂಢಿ. ಹಣ್ಣು ಕಿತ್ತ 120 ನಿಮಿಷಕ್ಕೆ ಆಕೆ 4 ಕೊಟ್ಟರೆ 480, ಅಲ್ಲಿಗೆ ಆ ದಿನದ ಮೊತ್ತ 1020. ವಾರದ ಮೊತ್ತ ಹಿಂದಿನ ಮೂರ್ನಾಲ್ಕು ವಾರಗಳಿಗಿಂತ ಸ್ಪಷ್ಟವಾಗಿ ಏರಿದ್ದರೆ, ಅಥವಾ ಅದೇ ಅಭ್ಯಾಸಕ್ಕೆ ಆಕೆ ಕೊಡುವ ಅಂಕ ಏರುತ್ತಿದ್ದರೆ, ಅವಳನ್ನು ಮನೆಗೆ ಕಳಿಸಬೇಡಿ. ಎದುರಾಳಿಯನ್ನು ಹಿಡಿಯುವ ಕ್ಯಾಚಿಂಗ್ ಬಿಡಿಸಿ, ಕಾಲ್ಚಲನೆಯ ಹಗುರ ಅಭ್ಯಾಸವನ್ನಷ್ಟೇ ಮಾಡಿಸಿ.

ಆಟದ ನಂತರದ ಊಟ ತಡವಾಗುವುದು ನಮ್ಮ ಕಡೆಯ ದೊಡ್ಡ ತೊಡಕು. ಬಸ್ಸಿಗೆ ಕಾದು ಊರು ಸೇರುವಷ್ಟರಲ್ಲಿ ರಾತ್ರಿ ಎಂಟಾಗಿರುತ್ತದೆ. ಸ್ನಾಯುಗಳು ಖರ್ಚು ಮಾಡಿದ ಶಕ್ತಿಯನ್ನು ಮೊದಲ ಕೆಲವು ಗಂಟೆಗಳಲ್ಲಿ ಚುರುಕಾಗಿ ತುಂಬಿಕೊಳ್ಳುವುದರಿಂದ, ಎರಡು ಬಾಳೆಹಣ್ಣು, ಒಂದಿಷ್ಟು ಕಡಲೆಕಾಯಿ, ಬೆಲ್ಲ ಬ್ಯಾಗಿನಲ್ಲೇ ಇರಲಿ. ರಾತ್ರಿ ಮುದ್ದೆಯ ಜೊತೆ ಹುರುಳಿಕಾಳಿನ ಸಾರು ಅಥವಾ ಮಸ್ಸೊಪ್ಪು, ಸಾಧ್ಯವಾದರೆ ಮೊಟ್ಟೆ ಇರಲಿ. ಕರೆದ ಹಾಲನ್ನೆಲ್ಲ ಡೈರಿಗೆ ಹಾಕಿಬಿಡುವ ಮನೆಗಳಲ್ಲಿ ಹುಡುಗಿಗೆ ಒಂದು ಲೋಟ ಉಳಿಸಲು ಹೇಳಲೇಬೇಕು. ಆಟಕ್ಕೆ ಮೊದಲು ಮತ್ತು ನಂತರ ತೂಕ ನೋಡಿ. ಒಂದು ಕಿಲೊ ಇಳಿದಿದ್ದರೆ ಮುಂದಿನ ಕೆಲವು ಗಂಟೆಗಳಲ್ಲಿ ಸುಮಾರು ಒಂದೂವರೆ ಲೀಟರ್ ನೀರು, ಉಪ್ಪು ಹಾಕಿದ ಮಜ್ಜಿಗೆ ಸ್ವಲ್ಪಸ್ವಲ್ಪವಾಗಿ ಕುಡಿಯಬೇಕು.

ಟಿವಿಯಲ್ಲಿ ಕಾಣುವ ಐಸ್ ಸ್ನಾನಕ್ಕಾಗಿ ಪರದಾಡಬೇಕಿಲ್ಲ. ಸ್ಟ್ರೆಚಿಂಗ್ ಮಾಡಿದರೆ ಮರುದಿನದ ನೋವು ತಪ್ಪುತ್ತದೆಂಬುದಕ್ಕೂ ಹೆಚ್ಚಿನ ಆಧಾರವಿಲ್ಲ. 13ರಿಂದ 18 ವರ್ಷದವರಿಗೆ ಬೇಕಾದ 8ರಿಂದ 10 ಗಂಟೆಗಳ ನಿದ್ದೆ ಇವೆರಡಕ್ಕಿಂತಲೂ ಮುಖ್ಯ.

ಮುಟ್ಟಿನ ತಾರೀಖನ್ನು ಹುಡುಗಿ ತನ್ನದೇ ಪುಸ್ತಕದಲ್ಲಿ ಬರೆದುಕೊಳ್ಳಲಿ. ಅದನ್ನು ತಂಡದ ಮುಂದೆ ಕೇಳುವುದು ತಪ್ಪು. ಆ ದಿನಗಳಲ್ಲಿ ಎಲ್ಲರಿಗೂ ರಜೆ ಎಂಬ ನಿಯಮವೂ ಬೇಡ, ಎಲ್ಲರೂ ಆಡಲೇಬೇಕೆಂಬ ಹಟವೂ ಬೇಡ; ಅವಳಿಗೆ ಹೇಗನ್ನಿಸುತ್ತದೋ ಹಾಗೆ. ಸ್ರಾವ ಹೆಚ್ಚಿದ್ದು, ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಡೆಸಿಲೀಟರ್ (100 ಮಿಲಿ) ರಕ್ತಕ್ಕೆ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಹಿಮೋಗ್ಲೋಬಿನ್ ಸರಿಯಿದ್ದೂ ದೇಹದ ಕಬ್ಬಿಣದ ಸಂಗ್ರಹ ಬರಿದಾಗಿರಬಹುದಾದ್ದರಿಂದ ಫೆರಿಟಿನ್ ಪರೀಕ್ಷೆಯ ಬಗ್ಗೆಯೂ ವೈದ್ಯರನ್ನು ಕೇಳಿ. ಊಟದ ಜೊತೆ ಟೀ ಕುಡಿದರೆ ಕಬ್ಬಿಣದ ಅಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ, ಸೊಪ್ಪಿಗೆ ನಿಂಬೆ ಹಿಂಡಿದರೆ ಚೆನ್ನಾಗಿ ಹತ್ತುತ್ತದೆ. ಮೂರು ತಿಂಗಳು ಮುಟ್ಟು ನಿಂತರೆ ಅಭ್ಯಾಸ ಜೋರಾಗಿದೆ ಎಂದು ಸುಮ್ಮನಿರಬಾರದು. ಖರ್ಚಿಗೆ ತಕ್ಕ ಊಟ ಸಿಗದ ದೇಹದಲ್ಲಿ ಮುಟ್ಟು ನಿಲ್ಲುವುದಲ್ಲದೆ ಮೂಳೆಗಳೂ ದುರ್ಬಲವಾಗುವುದರಿಂದ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಪಂದ್ಯಕ್ಕೆ ಎರಡು ದಿನವಿರುವಾಗ ಅಭ್ಯಾಸವನ್ನು ಅರ್ಧಕ್ಕಿಳಿಸಿ, ಅದೇ ಹೊತ್ತಿಗೆ ಮನೆಗೆ ಫೋನ್ ಮಾಡಿ, ಆ ಎರಡು ಬೆಳಗ್ಗೆ ಹಾಲು ಕರೆಯುವ, ಹಣ್ಣು ಕೀಳುವ ಕೆಲಸಗಳನ್ನು ಅಣ್ಣನಿಗೋ ತಮ್ಮನಿಗೋ ವಹಿಸುವಂತೆ ಕೇಳಿ. ಮೊದಲ ಸಲ ಹೂಂ ಎನ್ನುವವರು ಕಡಿಮೆ. ನೋಟ್‌ಬುಕ್‌ನಲ್ಲಿರುವ 480ನ್ನು ತೋರಿಸಿದರೆ ಅಪ್ಪಂದಿರು ಕೇಳಿಸಿಕೊಳ್ಳುತ್ತಾರೆ.