ತೂಕದ ಡಿಎಲ್‌ಎಲ್ ಕೊಟ್ಟ ಪಾಯಿಂಟರ್ ಬಿಡಬೇಕಾದವರು ಯಾರು?

ಶಿವಮೊಗ್ಗದ ಅಡಿಕೆ ಮಂಡಿಯ ಬಿಲ್ಲಿಂಗ್ ಸಾಫ್ಟ್‌ವೇರ್, ಸಿ ಶಾರ್ಪ್, ಡಾಟ್‌ನೆಟ್ ಫ್ರೇಮ್‌ವರ್ಕ್ 4.8. ತೂಕದ ಯಂತ್ರದ ಜೊತೆ ಬಂದದ್ದು ಹಳೇ 32 ಬಿಟ್ ಸಿ ಡಿಎಲ್‌ಎಲ್ (ಬೇರೆ ಪ್ರೋಗ್ರಾಂ ಕರೆದು ಬಳಸುವ ಫಂಕ್ಷನ್‌ಗಳ ಫೈಲ್), ಆ ಫಂಕ್ಷನ್‌ಗಳ ಪಟ್ಟಿಯಿರುವ ಒಂದು ಪುಟದ ಹೆಡರ್, ಅಷ್ಟೇ. ಪಠ್ಯವನ್ನು ಅದು ಪಾಯಿಂಟರ್ ಆಗಿ, ಅಂದರೆ ಮೆಮೊರಿ ವಿಳಾಸವಾಗಿ ಕೊಡುತ್ತದೆ; ಬಿಡುವುದು ಅಂದರೆ ಆ ಮೆಮೊರಿ ವಾಪಸ್ ಕೊಡುವುದು. ಸೋರ್ಸ್ ಇಲ್ಲದೆ ಆಗದ ಕೆಲಸ, ಹೊಸ ಇಂಡಿಕೇಟರ್ (ತೂಕ ತೋರಿಸುವ ಪೆಟ್ಟಿಗೆ) ತಗೊಳ್ಳಿ ಅಂದವರೇ ಎಲ್ಲ. ಹೊಸದಕ್ಕೆ ಇಪ್ಪತ್ತು ಸಾವಿರದ ಆಸುಪಾಸು. ನಮಗೆ ತಗುಲಿದ್ದು ಸೀರಿಯಲ್ ಕೇಬಲ್‌ನ ಎಂಟ್ನೂರು ಚಿಲ್ಲರೆ.

ಪ್ರಾಜೆಕ್ಟ್ ಎಕ್ಸ್86ಗೆ (32 ಬಿಟ್) ಹಾಕಿ, ಕಾಲಿಂಗ್ ಕನ್ವೆನ್ಷನ್ (ಕರೆ ಮುಗಿದ ಮೇಲೆ ಸ್ಟ್ಯಾಕ್ ಯಾರು ಸರಿಮಾಡಬೇಕು ಅನ್ನುವ ನಿಯಮ) ಸಿಡೆಕ್ಲ್ ಅಂತ ಬರೆಯಿರಿ. ಸುಮ್ಮನೆ ಬಿಟ್ಟರೆ ಎಸ್‌ಟಿಡಿಕಾಲ್ ಆಗಿ ಸ್ಟ್ಯಾಕ್ ಕೆಡುತ್ತದೆ. ಇದು ಗೊತ್ತಿರುವುದೇ.

ಎಲ್ಲರೂ ಎಡವುವುದು ರಿಟರ್ನ್ ಟೈಪ್ ಸ್ಟ್ರಿಂಗ್ ಅಂತ ಬರೆದಾಗ. ಮಾರ್ಷಲರ್ (ಸಿ ಮತ್ತು ಡಾಟ್‌ನೆಟ್ ನಡುವೆ ಡೇಟಾ ಸಾಗಿಸುವ ಭಾಗ) ನಕಲು ಮಾಡಿಕೊಂಡು, ಮೂಲ ಪಾಯಿಂಟರನ್ನು ಕೋಟಾಸ್ಕ್‌ಮೆಮ್‌ಫ್ರೀ ಎಂಬ ವಿಂಡೋಸ್‌ನ ಮೆಮೊರಿ ಬಿಡುವ ಫಂಕ್ಷನ್‌ಗೆ ಕೊಟ್ಟುಬಿಡುತ್ತದೆ. ಡಿಎಲ್‌ಎಲ್ ಕೊಟ್ಟದ್ದು ಸ್ಟ್ಯಾಟಿಕ್ ಬಫರ್ (ಡಿಎಲ್‌ಎಲ್ ಒಳಗೇ ಸದಾ ಇರುವ ಜಾಗ) ಆಗಿದ್ದರೆ 0ಎಕ್ಸ್‌ಸಿ0000374, ಅಂದರೆ ಹೀಪ್ (ಬೇಕಾದಾಗ ಪಡೆಯುವ ಮೆಮೊರಿ) ಕೆಟ್ಟಿದೆ ಅನ್ನುವ ದೋಷ, ಪ್ರೋಗ್ರಾಂ ಮಾಯ. ಟ್ರೈ–ಕ್ಯಾಚ್‌ಗೆ ಸಿಗುವುದಿಲ್ಲ. ಮಾಲಕ್‌ನಿಂದ ಹೀಪಿನಲ್ಲಿ ಪಡೆದದ್ದಾಗಿದ್ದರೆ ಇನ್ನೂ ಕಿರಿಕಿರಿ: ಹೊಸ ಸಿ ರನ್‌ಟೈಮ್ ಪ್ರೋಸೆಸ್ ಹೀಪನ್ನೇ ಬಳಸುವುದರಿಂದ ಒಂದು ಮಷೀನಿನಲ್ಲಿ ನಡೆಯುತ್ತದೆ, ಹಳೇ ರನ್‌ಟೈಮ್‌ಗೆ ಕಟ್ಟಿದ ಡಿಎಲ್‌ಎಲ್ ಬಂದರೆ ಬೀಳುತ್ತದೆ.

ಹಾಗಾಗಿ ಸ್ಟ್ರಿಂಗ್ ಬದಲು ಇಂಟ್‌ಪಿಟಿಆರ್ (ಬರೀ ವಿಳಾಸ) ತಗೊಳ್ಳಿ, ನಕಲು ಮಾಡಿ, ಫೈನಲಿಯಲ್ಲಿ ಡಿಎಲ್‌ಎಲ್‌ನದೇ ಫ್ರೀ ಫಂಕ್ಷನ್ ಕರೆಯಿರಿ. ಬಿಡಬೇಕೋ ಬೇಡವೋ ಅಂತ ಹೆಡರ್ ಹೇಳದಿದ್ದರೆ, ಏನೂ ಬಿಡದೆ ಎರಡು ಸಲ ಕರೆದು ವಿಳಾಸ ಹೋಲಿಸಿ. ಒಂದೇ ಬಂದರೆ ಬಹುಪಾಲು ಸ್ಟ್ಯಾಟಿಕ್. ಮುಟ್ಟಬೇಡಿ, ಆದರೆ ಲಾಕ್ ಹಾಕಿ, ಇನ್ನೊಂದು ಥ್ರೆಡ್ ಅದರ ಮೇಲೇ ಬರೆಯುತ್ತದೆ. ಬೇರೆ ಬೇರೆ ಬಂದರೆ ಬಹುಪಾಲು ಬಿಡಬೇಕಾದದ್ದೇ. ಒಂದು ಸಲಕ್ಕೆ 256 ಬೈಟ್, ಸೆಕೆಂಡಿಗೆ ಐದು ಸಲ ಓದಿದರೆ ಹತ್ತು ಗಂಟೆಯಲ್ಲಿ 46 ಎಂಬಿ ಸೋರಿಕೆ. ಮಂಡಿಯಲ್ಲಿ ಕಂಪ್ಯೂಟರ್ ಆಫ್ ಮಾಡುವವರು ಯಾರು?

ದುಡ್ಡು ಕಳೆಯುವುದು ಮಾತ್ರ ಬೂಲ್ (ಹೌದು, ಇಲ್ಲ ಅನ್ನುವ ಉತ್ತರ). ಸಿಯಲ್ಲಿ ಅದು ಒಂದು ಬೈಟ್, ಡಾಟ್‌ನೆಟ್ ನಾಲ್ಕು ಬೈಟ್ ಓದುತ್ತದೆ. ಮೇಲಿನ ಮೂರರಲ್ಲಿ ಕಸ ಇದ್ದರೆ ತಟ್ಟೆ ಇನ್ನೂ ಅಲ್ಲಾಡುತ್ತಿದ್ದರೂ ‘ತೂಕ ನಿಂತಿದೆ’ ಅನ್ನುತ್ತದೆ. ಒಂದು ಕೆಜಿ ರಾಶಿ ಅಡಿಕೆ ತಪ್ಪಿದರೆ ನೂರಾರು ರೂಪಾಯಿ, ಬೆಳೆಗಾರ ಸುಮ್ಮನಿರುತ್ತಾನೆಯೇ? ರಿಟರ್ನ್ ಮೇಲೆ ಮಾರ್ಷಲ್‌ಆಸ್ ಐ1 (ಒಂದೇ ಬೈಟ್ ಓದು ಅನ್ನುವ ಸೂಚನೆ) ಹಾಕಿ.

ಚೀಟಿಯ ಮೇಲಿನ ಹೆಸರು ಯುಟಿಎಫ್8 ಕನ್ನಡದಲ್ಲಿದ್ದರೆ, ಪಾಯಿಂಟರನ್ನು ಪಠ್ಯ ಮಾಡುವ ಪಿಟಿಆರ್‌ಟುಸ್ಟ್ರಿಂಗ್‌ಆನ್ಸಿ ಕಸ ಕೊಡುತ್ತದೆ, ಒಂದೊಂದು ಅಕ್ಷರಕ್ಕೂ ಕನಿಷ್ಠ ಮೂರು ಬೈಟ್. ಆ ಫಂಕ್ಷನ್‌ನ ಯುಟಿಎಫ್8 ರೂಪ ಈ ಫ್ರೇಮ್‌ವರ್ಕ್‌ನಲ್ಲಿಲ್ಲ. ಸೊನ್ನೆ ಬರುವವರೆಗೆ ರೀಡ್‌ಬೈಟ್‌ನಿಂದ ಎಣಿಸಿ, ಅರೇಗೆ ಕಾಪಿ ಮಾಡಿ, ಆಮೇಲೆ ಡಿಕೋಡ್.

ಡಿಎಲ್‌ಎಲ್‌ನ್ನು ಪ್ರತ್ಯೇಕ 32 ಬಿಟ್ ಎಕ್ಸಿಗೆ ತಳ್ಳಿ, ನೇಮ್ಡ್ ಪೈಪಿನಿಂದ (ಎರಡು ಪ್ರೋಗ್ರಾಂ ಮಾತಾಡುವ ದಾರಿ) 64 ಬಿಟ್ ಬಿಲ್ಲಿಂಗ್‌ಗೆ ಜೋಡಿಸುವುದನ್ನೂ ನೋಡಿದ್ದಾಯಿತು. ತಡ ಎರಡು ಮೂರು ಮಿಲಿಸೆಕೆಂಡ್ ಇರಬಹುದು, ತೂಕಕ್ಕೆ ಲೆಕ್ಕವೇ ಅಲ್ಲ. ಡಿಎಲ್‌ಎಲ್ ಸತ್ತರೂ ಬಿಲ್ ಉಳಿಯುತ್ತದೆ.

ಡಿಎಲ್‌ಎಲ್ ಕೊಡುವ ಹ್ಯಾಂಡಲ್‌ಗೆ (ತೆರೆದದ್ದರ ಗುರುತು) ಸೇಫ್‌ಹ್ಯಾಂಡಲ್ (ಕೊನೆಗೆ ಅದನ್ನು ತಾನೇ ಮುಚ್ಚುವ ಹೊದಿಕೆ) ಕಡ್ಡಾಯ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗ ಪ್ರೋಗ್ರಾಂ ಮುಚ್ಚದೆ ಪೋರ್ಟ್ ಮತ್ತೆ ತೆರೆಯುವ ಉಪಾಯ ಮಾತ್ರ ಸದ್ಯಕ್ಕೆ ಇಲ್ಲಿ ಬರೆಯುವುದಿಲ್ಲ, ನನ್ನ ಹೊಟ್ಟೆಪಾಡು ಅದರಲ್ಲೇ ಇದೆ.