ನೀರು ಎಲ್ಲಿಂದ ಬಂತು, ಎಷ್ಟು ಬಂತು? ಗಾಡಿ ಕಂಪನಿ ಓದುವ ಹಾಗೆ ದೂರು ಬರೆಯುವುದು ಹೇಗೆ

ಕಾಸರಗೋಡಿನ ಶಿರಿಯಾ ಹೊಳೆಯ ಬದಿಯಲ್ಲಿ ನಮ್ಮ ಬಾವನ ತೋಟ ಉಂಟು. ಆಟಿ ತಿಂಗಳಲ್ಲಿ, ಅಂದರೆ ಜೋರು ಮಳೆಯ ಹೊತ್ತಲ್ಲಿ, ಅದರ ಅರ್ಧ ನೀರೊಳಗೆ. ಆಚೆ ತುಂಡಿಗೆ ಗೊಬ್ಬರ ಸಾಗಿಸಬೇಕಾದರೆ ಒಂದೋ ದೋಣಿ, ಇಲ್ಲದಿದ್ದರೆ ಸೇತುವೆ ಸುತ್ತಿ ಬರಬೇಕು. ಅದಕ್ಕೇ ಬಾವ ಇನ್ನಿಬ್ಬರ ಜೊತೆ ಪಾಲು ಹಾಕಿ ಹಳೆಯ ಎಂಟು ಚಕ್ರದ ಗಾಡಿಯೊಂದನ್ನು ಪಿಕಪ್‌ನಲ್ಲಿ ಹೇರಿಕೊಂಡು ತಂದ. ಕೆಸರಲ್ಲಿ ಓಡುತ್ತದೆ, ನೀರಿಗಿಳಿದರೆ ತೇಲುತ್ತದೆ. ಊರವರು ಇಟ್ಟ ಹೆಸರು ‘ಆಮೆ’.

ಮೊದಲ ಮಳೆಗಾಲದಲ್ಲೇ ಆಮೆಯ ಹೊಟ್ಟೆಗೆ ನೀರು ಹೊಕ್ಕಿತು. ಬಾವ ಡೀಲರಿಗೆ ಫೋನ್ ಮಾಡಿ ‘ಗಾಡಿಯೊಳಗೆ ನೀರು ಬರ್ತದೆ’ ಅಂದ. ಆಚೆ ಕಡೆಯವರಿಗೆ ಮಲಯಾಳ ಮಾತ್ರ ಗೊತ್ತು, ಬಾವನಿಗೆ ಮಲಯಾಳ ಅಷ್ಟಕ್ಕಷ್ಟೆ. ಮಾತು ಎರಡು ಬಾಯಿ ದಾಟಿ ಜಾಬ್ ಕಾರ್ಡಿಗೆ (ರಿಪೇರಿ ಕೆಲಸ ಬರೆದುಕೊಳ್ಳುವ ಚೀಟಿಗೆ) ಬಂದಾಗ ‘ವಾಟರ್ ಪ್ರಾಬ್ಲಂ’ ಎಂದಾಗಿತ್ತು. ಅವರು ಬಂದು ರೇಡಿಯೇಟರಿನ ಪೈಪು ಬದಲಿಸಿ, ಬಿಲ್ಲು ಕೊಟ್ಟು ಹೋದರು. ಮುಂದಿನ ವಾರ ಆಮೆ ಮತ್ತೆ ನೀರು ಕುಡಿಯಿತು.

ಅವರನ್ನು ಬೈದು ಪ್ರಯೋಜನವಿಲ್ಲ. ನಾವು ಹೇಳಿದ್ದರಲ್ಲಿ ಎಂಜಿನಿಯರಿಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಆಮೇಲೆ ನಾವು ಕಲಿತ ಕ್ರಮ ಇಲ್ಲಿದೆ. ನಿಮ್ಮಲ್ಲಿರುವುದು ಜೀಪೋ, ಅಡಿಕೆ ತೋಟದಲ್ಲಿ ಹೊರೆ ಸಾಗಿಸುವ ಮೋಟೋಕಾರ್ಟೋ ಆದರೂ ಬಹುಪಾಲು ಇದೇ ನಡೆಯುತ್ತದೆ.

ಮೊದಲು ಗಾಡಿಯ ಹೊಟ್ಟೆ ಅರ್ಥ ಮಾಡಿಕೊಳ್ಳಿ

ಈ ಜಾತಿಯ ಗಾಡಿಗಳಲ್ಲಿ ಹೆಸರುವಾಸಿಯಾದದ್ದು ಕೆನಡಾದ ಆರ್ಗೋ. 1967ರಿಂದ ಅದು ಇಂಥ ಗಾಡಿ ಮಾಡುತ್ತಾ ಬಂದಿದೆ. ನಮ್ಮ ಸೇನೆ ಈಚೆಗೆ ಸೇರಿಸಿಕೊಂಡ ಏಟರ್ ಎನ್1200 ಇದೇ ಕುಲದ ದೊಡ್ಡಣ್ಣ. ಅದಕ್ಕೆ ನಾಲ್ಕೇ ಚಕ್ರ, ಆದರೆ ಒಂದೊಂದೂ ಆಳೆತ್ತರ.

ಒಳಗಿನ ವಿಷಯ ಸರಳ. ಕೆಳಗೆ ತೊಟ್ಟಿಯಂಥ ಪ್ಲಾಸ್ಟಿಕ್ ಮೈ. ಅದರೊಳಗೆ ಎಂಜಿನ್, ಗೇರು, ಚೈನು. ಆಕ್ಸಲ್‌ಗಳು ತೊಟ್ಟಿಯ ಗೋಡೆ ತೂರಿ ಹೊರಗೆ ಬಂದು ಚಕ್ರ ತಿರುಗಿಸುತ್ತವೆ. ಸ್ಟೇರಿಂಗ್ ತಿರುಗಿಸಿದರೂ ಚಕ್ರ ಓರೆಯಾಗುವುದಿಲ್ಲ. ಒಂದು ಬದಿಯ ಚಕ್ರಗಳು ನಿಧಾನವಾಗುತ್ತವೆ, ಗಾಡಿ ಆ ಬದಿಗೆ ತಿರುಗುತ್ತದೆ. ನೀರಲ್ಲಿ ಟಯರಿನ ಹಲ್ಲುಗಳೇ ಹುಟ್ಟು. ವೇಗ ಜಾಸ್ತಿಯಿಲ್ಲ, ಚುರುಕಾಗಿ ನಡೆಯುವವನು ದಡದಲ್ಲಿ ಜೊತೆಗೇ ಬರಬಹುದು.

ಹಾಗಾದರೆ ಎಂಟು ಚಕ್ರದ ಗಾಡಿಯ ಗೋಡೆಯಲ್ಲಿ ಎಂಟು ತೂತು. ಪ್ರತಿ ತೂತಿಗೂ ಬೇರಿಂಗು, ನೀರು ತಡೆಯುವ ಸೀಲು. ನೀರು ಹರಿಸುವ ಬಿರಡೆಯ ತೂತು ಬೇರೆ. ‘ನೀರು ಬರ್ತದೆ’ ಅಂದರೆ ಕಂಪನಿಯವನು ಯಾವ ತೂತನ್ನು ನೋಡಬೇಕು?

ಮದಕದಲ್ಲಿ ಪರೀಕ್ಷೆ

ಹೊಳೆಯಲ್ಲಿ ಮಾತ್ರ ಬೇಡ. ನಿಂತ ನೀರು ಬೇಕು. ನಮ್ಮಲ್ಲಿ ಮಳೆನೀರು ನಿಲ್ಲುವ ಮದಕಗಳಿವೆ, ದೊಡ್ಡ ತೋಟದ ಕೆರೆಯೂ ಆದೀತು. ಮಳೆಗಾಲ ಕಳೆದು, ನೀರು ತಿಳಿಯಾದ ಮೇಲೆ ಇಳಿಸಿ. ಗಾಡಿಗೆ ಹಗ್ಗ ಕಟ್ಟಿ ಇನ್ನೊಂದು ತುದಿ ದಡದ ಮರಕ್ಕೆ ಬಿಗಿಯಿರಿ. ಕೂತವರು ಲೈಫ್ ಜಾಕೆಟ್ ಹಾಕಲೇಬೇಕು. ಈಜು ಬರುವವರೂ ಹಾಕಬೇಕು, ಇದರಲ್ಲಿ ಚೌಕಾಸಿ ಬೇಡ.

ಇಳಿಸುವ ಮೊದಲು ತೊಟ್ಟಿಯನ್ನು ಒಣಬಟ್ಟೆಯಲ್ಲಿ ಒರೆಸಿ. ಒಳಗಡೆ, ಪ್ರತಿ ಆಕ್ಸಲ್ ಗೋಡೆ ಸೇರುವ ಜಾಗದ ಕೆಳಗೆ, ರಂಗೋಲಿ ಪುಡಿ ಉದುರಿಸಿ. ಇದು ಅಕ್ಕ ಹೇಳಿಕೊಟ್ಟ ಉಪಾಯ. ನೀರಿನ ಒಂದು ಎಳೆ ಇಳಿದರೂ ಬಿಳಿ ಪುಡಿಯಲ್ಲಿ ಗೆರೆ ಬೀಳುತ್ತದೆ. ನಮ್ಮ ಮೂವರು ಪಾಲುದಾರರಿಗೆ ಹೊಳೆಯದ್ದು ಅವಳಿಗೆ ಹೊಳೆಯಿತು.

ಈಗ ಗಾಡಿ ಇಳಿಸಿ, ಎಂಜಿನ್ ಬಂದ್ ಮಾಡಿ ಅರ್ಧ ಗಂಟೆ ಸುಮ್ನೆ ಬಿಡಿ. ದಡಕ್ಕೆಳೆದು ಬಿರಡೆ ತೆಗೆದು, ಬಂದ ನೀರನ್ನು ಬಾಲ್ದಿಗೆ ಹಿಡಿದು ಲೀಟರಿನಲ್ಲಿ ಅಳೆಯಿರಿ. ಮತ್ತೆ ಒರೆಸಿ, ಪುಡಿ ಹಾಕಿ, ಇಳಿಸಿ. ಈ ಸಲ ಚಕ್ರ ತಿರುಗಿಸುತ್ತಾ ಅರ್ಧ ಗಂಟೆ. ಮತ್ತೆ ಅಳೆಯಿರಿ.

ಎರಡು ಅಳತೆ ಯಾಕೆಂದರೆ, ಅವು ಬೇರೆ ಬೇರೆ ಕಥೆ ಹೇಳುತ್ತವೆ. ನಿಂತಾಗಲೂ ಓಡಿದಾಗಲೂ ಒಂದೇ ಪ್ರಮಾಣ ಬಂದರೆ ತೊಟ್ಟಿಯಲ್ಲೇ ಬಿರುಕಿರಬಹುದು, ಅಥವಾ ಬಿರಡೆ ಸಡಿಲ. ನಿಂತಾಗ ಒಣಗಿದ್ದು ತಿರುಗುವಾಗ ಮಾತ್ರ ಬಂದರೆ ಸೀಲಿನ ಮೇಲೆ ಅನುಮಾನ. ನಮ್ಮದು ಎರಡನೆಯ ಜಾತಿ. ಪುಡಿಯಲ್ಲಿ ಗೆರೆ ಬಿದ್ದದ್ದು ಎಡಬದಿಯ ಮೂರನೇ ಆಕ್ಸಲ್ ಕೆಳಗೆ ಮಾತ್ರ.

ಆ ಚಕ್ರ ಬಿಚ್ಚಿದರೆ ಆಕ್ಸಲಿಗೆ ಅಡಿಕೆ ಹಾಳೆಯ ನಾರು ಹಗ್ಗದ ಹಾಗೆ ಸುತ್ತಿಕೊಂಡಿತ್ತು. ನಾರು ಒಳಗೆ ಒತ್ತಿ ಒತ್ತಿ ಸೀಲಿನ ತುಟಿಯನ್ನೇ ಕತ್ತರಿಸಿತ್ತು. ಚಳಿ ದೇಶದ ಜೌಗಿನಲ್ಲಿ ಓಡಿಸಿ ನೋಡಿ ಮಾಡಿದ ಗಾಡಿ ಇದು. ಅದನ್ನು ಮಾಡಿದವನು ಅಡಿಕೆ ಹಾಳೆಯನ್ನು ಕನಸಲ್ಲೂ ಕಂಡಿರಲಿಕ್ಕಿಲ್ಲ. ಅವನಿಗೆ ಗೊತ್ತಿಲ್ಲದ, ನಮಗೆ ಮಾತ್ರ ಗೊತ್ತಿರುವ ಸಂಗತಿ ಇದು. ಮಾಲೀಕನ ಮಾತಿಗೆ ಬೆಲೆ ಬರುವುದು ಇಂಥಲ್ಲಿ.

ನಿಮ್ಮ ನೆಲದ ಬಗ್ಗೆ ನಾಲ್ಕು ಸಾಲು

ಹಾಗಾಗಿ ಪತ್ರದಲ್ಲಿ ಗಾಡಿಯಷ್ಟೇ ಜಾಗ ನಿಮ್ಮ ನೆಲಕ್ಕೂ ಕೊಡಿ. ಕಾಸರಗೋಡು ಜಿಲ್ಲೆಯಲ್ಲಿ ಹನ್ನೆರಡು ಹೊಳೆ, ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ. ಗುಡ್ಡದ ಮೇಲೆ ಮುರಕಲ್ಲು, ಅದರ ಕೆಂಪು ಧೂಳು ಚೈನಿನ ಗ್ರೀಸಿಗೆ ಮೆತ್ತಿಕೊಂಡರೆ ಉಜ್ಜುಗಾಗದದ ಕೆಲಸ ಮಾಡುತ್ತದೆ. ಕುಂಬಳೆ, ಮೊಗ್ರಾಲು ಕಡೆ ಅಳಿವೆಯಲ್ಲಿ ಓಡಿಸುವವರಾದರೆ ಉಪ್ಪುನೀರು ಅಂತ ಬರೆಯಲೇಬೇಕು. ಸಿಹಿನೀರಲ್ಲಿ ವರ್ಷಗಟ್ಟಲೆ ಬಾಳುವ ಬೇರಿಂಗು ಉಪ್ಪುನೀರಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಓಡಿಸಿದ ಮೇಲೆ ಸಿಹಿನೀರಲ್ಲಿ ತೊಳೆದಿದ್ದೀರಾ, ಗ್ರೀಸ್ ಹೊಡೆದದ್ದು ಯಾವಾಗ ಅಂತಲೂ ಬರೆಯಿರಿ. ಹೊಡೆದಿಲ್ಲದಿದ್ದರೆ ಹೊಡೆದಿಲ್ಲ ಅಂತಲೇ ಬರೆಯಿರಿ. ಸುಳ್ಳು ಹೇಳಿದರೆ ಬೇರಿಂಗ್ ಬಿಚ್ಚಿದ ಕೂಡಲೇ ಗೊತ್ತಾಗುತ್ತದೆ, ಆಮೇಲೆ ನಿಮ್ಮ ನಿಜವನ್ನೂ ಯಾರೂ ನಂಬುವುದಿಲ್ಲ.

ಟಯರಿನ ಗಾಳಿಯನ್ನೂ ಮರೆಯಬೇಡಿ. ಕಾರಿನ ಟಯರಿಗೆ 30 ಪಿಎಸ್‌ಐ ಮೇಲೆ ಬೇಕು, ಇದಕ್ಕೆ ಐದಾರರ ಒಳಗೇ ಸಾಕು. ಪೆಟ್ರೋಲ್ ಬಂಕಿನ ಮೀಟರು ಇಷ್ಟು ಕಡಿಮೆಯನ್ನು ಸರಿಯಾಗಿ ತೋರಿಸುವುದಿಲ್ಲ. ಕಡಿಮೆ ಒತ್ತಡದ ಸಣ್ಣ ಗೇಜ್ ಒಂದನ್ನು ತೆಗೆದುಕೊಳ್ಳಿ. ಗಾಡಿ ತೇಲುವುದರಲ್ಲಿ ಟಯರಿನ ಪಾಲೂ ಉಂಟು, ಗಾಳಿ ಬದಲಾದರೆ ತೇಲುವ ಮಟ್ಟವೂ ಬದಲಾಗುತ್ತದೆ.

ಕೇಳುವ ಮೊದಲು ತೂಗಿ ನೋಡಿ

ದೂರಿನ ಜೊತೆ ಬೇಡಿಕೆಯೂ ಸೇರಿಕೊಳ್ಳುತ್ತದೆ, ಅದು ಸಹಜ. ಬಾವನಿಗೆ ಮೇಲೊಂದು ಮಾಡು (ಚಾವಣಿ) ಬೇಕಿತ್ತು. ಪಾಲುದಾರರಲ್ಲೊಬ್ಬರಿಗೆ ಮುಂದೆ ಹಗ್ಗ ಸುತ್ತಿ ಎಳೆಯುವ ವಿಂಚ್. ಇನ್ನೊಬ್ಬರಿಗೆ ದಪ್ಪ ಕಬ್ಬಿಣದ ಗಾರ್ಡು. ನೆಲದ ಗಾಡಿಗಾದರೆ ಕೇಳಿಬಿಡಬಹುದು. ತೇಲುವ ಗಾಡಿಗೆ ಸ್ವಲ್ಪ ಲೆಕ್ಕ ಹಾಕಬೇಕು.

ಲೆಕ್ಕ ಕಷ್ಟದ್ದಲ್ಲ. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಒಂದು ಲೀಟರ್ ನೀರು ಒಂದು ಕಿಲೋ. ತೊಟ್ಟಿ ಮೂರು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ ಅಂತಿಟ್ಟುಕೊಳ್ಳಿ. ವಿಸ್ತೀರ್ಣ ನಾಲ್ಕೂವರೆ ಚದರ ಮೀಟರ್. ಅದು ಒಂದು ಸೆಂಟಿಮೀಟರ್ ಮುಳುಗಬೇಕಾದರೆ 45 ಲೀಟರ್ ನೀರು ಸರಿಯಬೇಕು, ಅಂದರೆ 45 ಕಿಲೋ ಭಾರ ಬೀಳಬೇಕು. ಒಂದು ಮೂಟೆ ಗೊಬ್ಬರಕ್ಕೆ ಸುಮಾರು ಒಂದು ಸೆಂಟಿಮೀಟರ್. ದಪ್ಪದ ಬಾವನೊಬ್ಬನಿಗೆ ಎರಡು. ಮಾಡು, ವಿಂಚು, ಗಾರ್ಡು ಎಲ್ಲ ಸೇರಿ 90 ಕಿಲೋ ಆದರೆ ಖಾಲಿ ಗಾಡಿಯೇ ಎರಡು ಸೆಂಟಿಮೀಟರ್ ಕೆಳಗೆ. ತೊಟ್ಟಿಯ ಅಂಚಿಗೂ ನೀರಿಗೂ ಇರುವ ಅಂತರವೇ ಗೇಣುದ್ದ ಇರುವಾಗ ಎರಡು ಸೆಂಟಿಮೀಟರ್ ಸಣ್ಣದಲ್ಲ.

ಮಾಡಿನ ವಿಷಯ ಇನ್ನೂ ಬೇರೆ. ಭಾರ ಮೇಲೇರಿದಷ್ಟು ಗಾಡಿ ವಾಲುವುದು ಸುಲಭ. ಒಳಗೆ ನೀರೂ ಸೇರಿದ್ದರೆ ಅದು ವಾಲಿದ ಬದಿಗೇ ಓಡಿ ಇನ್ನಷ್ಟು ವಾಲಿಸುತ್ತದೆ. ‘ಒಂದು ಮಾಡು ಕೊಡಲಿಕ್ಕೆ ಇವರಿಗೇನು ಧಾಡಿ’ ಅಂತ ಬಾವ ಗೊಣಗುತ್ತಿದ್ದ. ಈ ಲೆಕ್ಕ ಕಾಗದದಲ್ಲಿ ಬರೆದು ತೋರಿಸಿದ ಮೇಲೆ ಕೊಡೆ ಹಿಡಿದುಕೊಂಡ.

ನಿಮ್ಮ ಗಾಡಿಯದ್ದನ್ನು ಅಳೆಯಬೇಕಾದರೆ ನಾಲ್ಕು ಮೂಲೆಗೂ ಬಣ್ಣದ ಟೇಪ್ ಅಂಟಿಸಿ, ಸೆಂಟಿಮೀಟರ್ ಗುರುತು ಹಾಕಿ. ಖಾಲಿ ಇರುವಾಗ, ಇಬ್ಬರು ಕೂತಾಗ, ಮೂಟೆ ಹೇರಿದಾಗ ನೀರು ಎಲ್ಲಿ ನಿಂತಿತು ಅಂತ ಫೋಟೊ ತೆಗೆಯಿರಿ. ಹಿಂದಿನ ಎರಡು ಮೂಲೆ ಮಾತ್ರ ಜಾಸ್ತಿ ಮುಳುಗಿದರೆ ಅದೇ ಒಂದು ಒಳ್ಳೆಯ ದೂರು. ಹೇರಿನ ಜಾಗ ತುಂಬಾ ಹಿಂದೆ ಇದೆ ಎಂದು ಅದರಿಂದ ಗೊತ್ತಾಗುತ್ತದೆ.

ಬರೆಯುವಾಗ

ಮದ್ದು ಹೇಳಬೇಡಿ, ನೋವು ಹೇಳಿ. ‘ದಪ್ಪ ಸೀಲು ಹಾಕಿ’ ಅಂತ ನಾವು ಮೊದಲು ಬರೆದಿದ್ದೆವು. ಬಿಗಿಯಾದ ಸೀಲು ಆಕ್ಸಲನ್ನು ಉಜ್ಜಿ ಬಿಸಿಯಾಗುತ್ತದೆ, ಬೇಗ ಸವೆಯುತ್ತದೆ. ನಾರು ಸೀಲಿನ ತನಕ ಹೋಗದಂತೆ ಹೊರಗಡೆ ಒಂದು ಬಳೆ ಸಾಕಾಗಬಹುದು. ಅದನ್ನು ನಿರ್ಧರಿಸಬೇಕಾದವರು ಅವರು. ಎರಡನೇ ಪತ್ರದಲ್ಲಿ ಬರೆದದ್ದು ಇಷ್ಟೇ: ಗಾಡಿಗೆ ಕಂಪನಿ ಹಾಕಿದ ನಂಬರು, ಎಂಜಿನ್ ಓಡಿದ ಗಂಟೆ, ಯಾವ ಆಕ್ಸಲ್, ನಿಂತಾಗ ಎಷ್ಟು ನೀರು, ಓಡಿದಾಗ ಎಷ್ಟು, ಟಯರಿನ ಗಾಳಿ, ನಾರಿನ ಫೋಟೊ. ಫೋಟೊದಲ್ಲಿ ಪಕ್ಕಕ್ಕೆ ಸ್ಕೇಲ್ ಇಟ್ಟಿದ್ದೆವು. ಜೊತೆಗೆ ಒಂದು ಹಿಡಿ ಹಾಳೆ ನಾರನ್ನು ಕವರಿಗೆ ಹಾಕಿ ಡೀಲರಿಗೆ ಕೊಟ್ಟೆವು. ಅವರು ನಮ್ಮ ಮುಖ ನೋಡಿದರು.

ಭಾಷೆಯ ವಿಷಯ ಗಡಿನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಮನೆಯಲ್ಲಿ ತುಳುವೋ ಹವ್ಯಕವೋ, ಶಾಲೆಯಲ್ಲಿ ಕನ್ನಡ, ಆಫೀಸಿನಲ್ಲಿ ಮಲಯಾಳ, ಕಂಪನಿಯ ಜೊತೆ ಇಂಗ್ಲಿಷ್. ಫೋನಿನಲ್ಲಿ ಹೇಳಿದ್ದು ದಾರಿಯಲ್ಲಿ ಸೋರುತ್ತದೆ. ಬರೆದುಕೊಡಿ. ಜಾಬ್ ಕಾರ್ಡಿಗೆ ಸಹಿ ಹಾಕುವ ಮೊದಲು ಅವರೇನು ಬರೆದಿದ್ದಾರೆಂದು ಓದಿಸಿ ಕೇಳಿ. ಒಂದು ಪ್ರತಿ ಇಟ್ಟುಕೊಳ್ಳಿ.

ಅದೇ ಗಾಡಿ ಇರುವ ಇನ್ನೂ ಮೂರು ಜನ ಸಿಕ್ಕಿದರೆ ಎಲ್ಲರೂ ಒಂದೇ ಕ್ರಮದಲ್ಲಿ ಅಳೆದು ಒಂದೇ ಹಾಳೆಯಲ್ಲಿ ಕೊಡಿ. ಮೂವತ್ತು ಸಿಟ್ಟಿನ ಫೋನಿಗಿಂತ ನಾಲ್ಕು ಸಾಲಿನ ಆ ಪಟ್ಟಿಗೆ ತೂಕ ಜಾಸ್ತಿ.

ಎಷ್ಟು ಕಾಯಬೇಕು?

ಮಾಡುವವನು ಎಷ್ಟು ದೊಡ್ಡವನು ಅನ್ನುವುದರ ಮೇಲೆ ಹೋಗುತ್ತದೆ. ತೋಟದ ಕಾರ್ಟನ್ನು ಹತ್ತಿರದ ವರ್ಕ್‌ಶಾಪಿನಲ್ಲೇ ಮಾಡಿಸಿದ್ದರೆ ಬೆಳಿಗ್ಗೆ ಹೇಳಿದ್ದು ಸಂಜೆಗೆ ವೆಲ್ಡ್ ಆಗಿರುತ್ತದೆ. ದೊಡ್ಡ ಕಂಪನಿಗೆ ಅಚ್ಚು ಬದಲಿಸಬೇಕು, ಮತ್ತೆ ಪರೀಕ್ಷೆ ಮಾಡಬೇಕು. ಮಹೀಂದ್ರ ಥಾರ್ ನೋಡಿ. 2020ರ ಮಾದರಿಯಲ್ಲಿ ಕಿಟಕಿಯ ಸ್ವಿಚ್ಚು ಬಾಗಿಲಲ್ಲಿ ಇರಲಿಲ್ಲ, ಗೇರಿನ ಹತ್ತಿರ ಇತ್ತು. ಡೀಸೆಲ್ ಹಾಕಿಸಲು ಕೀ ತೆಗೆದು ಕೊಡಬೇಕಿತ್ತು. ಮಾಲೀಕರು ಇದನ್ನು ಹೇಳದ ದಿನವಿಲ್ಲ. ಸ್ವಿಚ್ಚು ಬಾಗಿಲಿಗೆ ಬಂದದ್ದು, ಇಂಧನದ ಮುಚ್ಚಳ ಒಳಗಿನಿಂದಲೇ ತೆರೆಯುವಂತಾದದ್ದು 2025ರಲ್ಲಿ. ಒಂದು ಸ್ವಿಚ್ಚಿಗೆ ಐದು ವರ್ಷ!

ಆದರೆ ಜೀವಕ್ಕೆ ಅಪಾಯದ ದೋಷವಾದರೆ ಐದು ವರ್ಷ ಕಾಯುವ ಮಾತಿಲ್ಲ. ಬ್ರೇಕ್ ಹಿಡಿಯುವುದಿಲ್ಲ, ತೊಟ್ಟಿ ಬಿರಿದಿದೆ ಎಂದಾದರೆ ಗಾಡಿ ನಿಲ್ಲಿಸಿ, ಬರಹದಲ್ಲಿ ತಿಳಿಸಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಉಂಟು. ರಸ್ತೆಗೆಂದು ನೋಂದಣಿಯಾದ ವಾಹನಕ್ಕೆ ಇನ್ನೊಂದು ದಾರಿಯೂ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 110ಎ ಕಲಮಿನಂತೆ, ದೋಷವಿರುವ ವಾಹನಗಳನ್ನು ವಾಪಸು ತರಿಸಿ ಸರಿಮಾಡಿಕೊಡಲು ಸರ್ಕಾರ ಕಂಪನಿಗೆ ಆದೇಶ ಕೊಡಬಹುದು. ನಮ್ಮ ಆಮೆಗೆ ನಂಬರ್ ಪ್ಲೇಟೇ ಇಲ್ಲ, ಹಾಗಾಗಿ ಅದಕ್ಕೆ ಈ ದಾರಿ ಸಿಗಲಿಲ್ಲ.

ಉತ್ತರ ಬಂದ ಮೇಲೆ

ನಮಗೆ ಹೊಸ ಸೀಲೂ, ಹೊರಗೆ ಕೂರಿಸುವ ಬಳೆಯೂ ಬಂತು. ಹಾಕಿದ ಮೇಲೆ ಅದೇ ಮದಕ, ಅದೇ ಅರ್ಧ ಗಂಟೆ, ಅದೇ ಗಾಳಿ, ಅದೇ ಇಬ್ಬರು. ಒಂದಾದರೂ ಬದಲಾದರೆ ಹಳೆಯ ಅಳತೆಗೆ ಹೋಲಿಸಲಾಗುವುದಿಲ್ಲ. ಈ ಸಲ ಬಿರಡೆ ತೆಗೆದರೆ ಅರ್ಧ ಲೋಟ ನೀರು ಬಂತು. ಅದನ್ನೂ ಬರೆದು ಕಳುಹಿಸಿದೆವು. ಕತ್ತರಿಸಿಹೋದ ಹಳೆಯ ಸೀಲನ್ನು ತಾರೀಕು ಬರೆದು ಕವರಿನಲ್ಲಿಟ್ಟಿದ್ದೇವೆ. ನೀವೂ ಎಸೆಯಬೇಡಿ, ಒಂದಲ್ಲ ಒಂದು ದಿನ ಕೇಳುತ್ತಾರೆ.