ಬರ್ಬನ್ ಪೀಪಾಯಿಯಲ್ಲಿ ಮಾಗಿಸಿದ ಜೋಳದ ಜೋನಿ: ನನ್ನ ಅನುಭವ

ಅಮೆರಿಕದ ಕೆಂಟಕಿಯಲ್ಲಿ ಸಿಹಿ ಜೋಳದ (ಮೆಕ್ಕೆಜೋಳವಲ್ಲ, ನಮ್ಮ ಜೋಳದ್ದೇ ಸಿಹಿದಂಟಿನ ತಳಿ) ದಂಟನ್ನು ಗಾಣಕ್ಕೆ ಕೊಟ್ಟು, ರಸವನ್ನು ಕಾಯಿಸಿ, ನಮ್ಮ ಜೋನಿ ಬೆಲ್ಲದಂತಹ ಪಾಕವನ್ನು ಇಳಿಸುತ್ತಾರೆ. ಅದನ್ನು ಬರ್ಬನ್ ಎಂಬ ಅಮೆರಿಕದ ವಿಸ್ಕಿಯನ್ನು ಖಾಲಿ ಮಾಡಿದ ಸಣ್ಣ ಪೀಪಾಯಿಯಲ್ಲಿ ಒಂದು ಬೇಸಿಗೆ ಪೂರ್ತಿ ಮಾಗಿಸುತ್ತೇನೆ ಎಂದಾಗ, ಲೂಯಿವಿಲ್‌ನ ರೈತರ ಸಂತೆಯಲ್ಲಿ ನನ್ನ ಅಕ್ಕಪಕ್ಕ ಕೂರುವವರು ಯಾರೂ ಒಪ್ಪಲಿಲ್ಲ. ಪೀಪಾಯಿ ಸೋರುತ್ತದೆ, ಪಾಕ ಹುಳಿಯುತ್ತದೆ, ಅಷ್ಟು ಮಂದವಾದ ಪಾಕಕ್ಕೆ ಯಾವ ರುಚಿಯೂ ಹತ್ತುವುದಿಲ್ಲ ಎಂದರು. ಸೋರಿದ್ದೂ ನಿಜ, ಹುಳಿತದ್ದೂ ನಿಜ. ರುಚಿಯ ವಿಷಯದಲ್ಲಿ ಮಾತ್ರ ಅವರ ಮಾತು ಸುಳ್ಳಾಯಿತು. ಈಗ ಅವರಲ್ಲೇ ಇಬ್ಬರು ನನ್ನಿಂದ ಬಾಟಲಿ ಕೊಳ್ಳುತ್ತಾರೆ.

ಕಾನೂನಿನ ಪ್ರಕಾರ ಬರ್ಬನ್ನಿಗೆ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯೇ ಆಗಬೇಕಾದ್ದರಿಂದ ಒಮ್ಮೆ ಬಳಸಿದ್ದು ಬರ್ಬನ್ ತಯಾರಿಸುವವರಿಗೆ ಮತ್ತೆ ಉಪಯೋಗಕ್ಕೆ ಬರುವುದಿಲ್ಲ, ನಮ್ಮಂಥವರ ಕೈಗೆ ಸಿಗುತ್ತದೆ. ಬೇಸಿಗೆಯಲ್ಲಿ ಹಲಗೆಯೊಳಕ್ಕೆ ಇಳಿದು ಚಳಿಗೆ ಹಿಂದೆ ಸರಿಯುವ ವಿಸ್ಕಿ, ಪೀಪಾಯಿಯನ್ನು ಬರಿದು ಮಾಡಿದ ಮೇಲೂ ಒಂದಿಷ್ಟು ಮರದಲ್ಲೇ ಉಳಿದಿರುತ್ತದೆ. ನಮಗೆ ಬೇಕಾದದ್ದು ಆ ಉಳಿಕೆ. ವಿಸ್ಕಿಯಂತೆ ಓಕ್‌ನ ಸತ್ವವನ್ನು ಕರಗಿಸಿಕೊಳ್ಳುವಷ್ಟು ನೀರು ಪಾಕದಲ್ಲಿಲ್ಲ, ಆದರೆ ಮರದಲ್ಲಿ ಅಡಗಿದ ಬರ್ಬನ್ನನ್ನು ಅದು ನಿಧಾನವಾಗಿ ಹೊರಗೆಳೆದುಕೊಳ್ಳುತ್ತದೆ. ಓಕ್‌ನ ವೆನಿಲ್ಲಾ ವಾಸನೆಯೂ ಸುಟ್ಟ ಸಕ್ಕರೆಯ ಕಹಿಯೂ ಅದರ ಜೊತೆಗೇ ಬರುತ್ತವೆ.

ದೊಡ್ಡ ಭಟ್ಟಿಗಳ 53 ಗ್ಯಾಲನ್ ಪೀಪಾಯಿಯ ಆಸೆ ನನಗೂ ಇತ್ತು. ಅದನ್ನು ತುಂಬಲು ಪಾಕಕ್ಕೇ ಎರಡೂವರೆ ಸಾವಿರ ಡಾಲರ್ ಮೀರುತ್ತಿತ್ತು, ತುಂಬಿದ ಮೇಲೆ ಅಲುಗಾಡಿಸಲು ನಾಲ್ಕು ಜನ ಬೇಕಾಗುತ್ತಿತ್ತು. ಹಾಗಾಗಿ ಸಣ್ಣ ಭಟ್ಟಿಯವರಿಂದ 10 ಗ್ಯಾಲನ್ನಿನದನ್ನು ತಂದೆ. ಬೆಲೆ ನೂರಿಪ್ಪತ್ತರ ಆಸುಪಾಸು. ಪಾಕವನ್ನು ಸಗಟಾಗಿ ಗ್ಯಾಲನ್ನಿಗೆ ನಲವತ್ತೈದು, ಐವತ್ತರ ದರದಲ್ಲಿ ಕೊಂಡೆ. ಹತ್ತು ಗ್ಯಾಲನ್ ರಸ ಕಾಯಿಸಿದರೆ ಒಂದು ಗ್ಯಾಲನ್ ಪಾಕ ಇಳಿಯುತ್ತದೆ ಎಂಬುದನ್ನು ಕಂಡವರು ಆ ದರಕ್ಕೆ ಚೌಕಾಸಿ ಮಾಡುವುದಿಲ್ಲ.

ಮೊದಲ ಪೀಪಾಯಿ ಎರಡೇ ತಿಂಗಳಲ್ಲಿ ಕೈಕೊಟ್ಟಿತು. ನೀರೋ ವಿಸ್ಕಿಯೋ ತುಂಬಿದ್ದರೆ ಹಲಗೆ ತಾನಾಗಿ ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ. ಪಾಕ ತುಂಬಿದರೆ ಆಗುವುದು ಇದಕ್ಕೆ ತದ್ವಿರುದ್ಧ: ಅದು ಮರದ ತೇವವನ್ನೇ ಹೀರುತ್ತದೆ, ಹಲಗೆ ಕುಗ್ಗುತ್ತದೆ, ಪಟ್ಟಿ ಸಡಿಲವಾಗುತ್ತದೆ. ಸುಮಾರು ಮೂರನೆಯ ಒಂದು ಭಾಗ ಗ್ಯಾರೇಜಿನ ನೆಲದ ಮೇಲೆ ಹರಿಯಿತು, ಆ ವಾರವೆಲ್ಲ ಇರುವೆಗಳ ಜಾತ್ರೆ. ಒಳಗೆ ಬಿಸಿನೀರು ಹಾಕಿ ಉಬ್ಬಿಸು ಎಂದು ಹೇಳಿದವರೂ ಇದ್ದರು, ಆದರೆ ಹಾಗೆ ಮಾಡಿದರೆ ನಾವು ದುಡ್ಡು ಕೊಟ್ಟು ತಂದ ಬರ್ಬನ್ನೇ ತೊಳೆದುಹೋಗುತ್ತದೆ. ಕೊನೆಗೆ ಫಲಿಸಿದ್ದು ಹೊರಗಿನಿಂದ ತೇವ ಕೊಡುವ ಉಪಾಯ. ಬೇಸಿಗೆಯಲ್ಲಿ ನೀರಿನ ಹರವಿಗೆ ಸುತ್ತುವಂತೆ ಒದ್ದೆ ಗೋಣಿತಾಟನ್ನು ಪೀಪಾಯಿಯ ಎರಡು ತುದಿಗಳಿಗೆ ಸುತ್ತಿ, ವಾರಕ್ಕೊಮ್ಮೆ ಪಟ್ಟಿಗಳನ್ನು ಬಡಿದು ಬಿಗಿ ಮಾಡಿದೆ. ಆಗಲೂ ಜಿನುಗಿದ ಕಡೆ ಜೇನುಮೇಣ ತಿಕ್ಕಿದೆ. ಗೋಣಿಯನ್ನು ಒಂದು ದಿನವೂ ಬಿಡದೆ ನೆನೆಸುತ್ತಿರಬಾರದು, ಬೂಷ್ಟು ಹಿಡಿಯುತ್ತದೆ. ಪೀಪಾಯಿ ಬರಿದಾದ ಒಂದೆರಡು ದಿನದೊಳಗೆ ತುಂಬಿಸಬೇಕಾದದ್ದು ಎಲ್ಲಕ್ಕಿಂತ ಮುಖ್ಯ. ‘ನಿನ್ನೆ ತಾನೇ ಖಾಲಿಯಾದದ್ದು’ ಎಂದು ಒಬ್ಬ ಮಾರಾಟಗಾರ ಕೊಟ್ಟ ಪೀಪಾಯಿಯ ಬಿರಡೆ ತೆಗೆದು ಮೂಗಿಟ್ಟರೆ ಬರ್ಬನ್ನಿನ ಸುಳಿವೇ ಇರಲಿಲ್ಲ, ಬರೀ ಒಣ ಕಟ್ಟಿಗೆಯ ವಾಸನೆ. ಆ ದುಡ್ಡು ವಾಪಸು ಬರಲಿಲ್ಲ.

ಹುಳಿತದ ಮೂಲ ಮೇಲಿನ ಖಾಲಿ ಜಾಗದಲ್ಲಿತ್ತು. ರಾತ್ರಿಯ ತಂಪಿಗೆ ಅಲ್ಲಿ ಬೆವರಿದ ನೀರು ಪಾಕದ ಮೇಲ್ಪದರವನ್ನು ತೆಳುವಾಗಿಸುತ್ತದೆ, ಯೀಸ್ಟಿಗೆ ಅಷ್ಟೇ ಸಾಕು. ಸಕ್ಕರೆಯ ಅಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ತಳದ ಪಾಕ 79 ಬ್ರಿಕ್ಸ್ (ಸರಿಸುಮಾರು ಶೇಕಡಾ ಸಕ್ಕರೆಯ ಅಳತೆ) ತೋರಿಸಿದರೆ ಮೇಲಿನದು 72ಕ್ಕೆ ಇಳಿದಿತ್ತು. ಈಗ ಬಿರಡೆಯ ಅಂಚಿನವರೆಗೂ ತುಂಬುತ್ತೇನೆ, ಮೂರು ದಿನಕ್ಕೊಮ್ಮೆ ಉರುಳಿಸುತ್ತೇನೆ. ಪಾಕವನ್ನು ಎಷ್ಟು ಬಿಸಿಯಿರುವಾಗ ತುಂಬಬೇಕು, ಅದಕ್ಕೂ ಮೊದಲು ಒಳಗೆ ಏನನ್ನು ಕುಲುಕಿಸಬೇಕು ಎಂಬೆರಡು ಸಂಗತಿಗಳನ್ನು ಇಲ್ಲಿ ಬರೆಯುವುದಿಲ್ಲ. ಅವುಗಳಿಗಾಗಿ ನಾನು ತೆತ್ತ ಬೆಲೆ ಕಡಿಮೆಯೇನಲ್ಲ.

ನಡುವೆ ಬರ್ಬನ್ ಬಾಲ್‌ಗೂ ಕೈ ಹಾಕಿದೆ. ಕೆಂಟಕಿಯದೇ ಫ್ರಾಂಕ್‌ಫರ್ಟಿನ ರೂತ್ ಹ್ಯಾನ್ಲಿ ಬೂ 1938ರಲ್ಲಿ ಹದಕ್ಕೆ ತಂದ ಈ ಮಿಠಾಯಿಯ ಹೂರಣದಲ್ಲಿ ಸಕ್ಕರೆಪುಡಿಯ ಅರ್ಧವನ್ನು ತೆಗೆದು ನನ್ನ ಪಾಕ ಸೇರಿಸಿದರೆ, ಚಾಕೊಲೇಟಿನ ಕವಚ ಒಡೆದು ಮರುದಿನವೇ ಅಂಟು ಜಿನುಗಿತು. ಕಾಲುಭಾಗಕ್ಕೆ ಇಳಿಸಿ ಪೆಕಾನ್ ಬೀಜದ ಪ್ರಮಾಣ ಹೆಚ್ಚಿಸಿದ ಮೇಲೆ ನಿಂತಿತು. ಪೆಕಾನ್ ಪೈಯಲ್ಲಿ ಕಾರ್ನ್ ಸಿರಪ್ ಬದಲು ಇದನ್ನೇ ಹಾಕಿದರೆ ಸಾಕು, ಬೇರೆ ಬರ್ಬನ್ ಬೇಡ. ಹಂದಿತೊಡೆಗೂ ಸಾಲ್ಮನ್ನಿಗೂ ಸವರುವುದಾದರೆ ಬೇಯುವ ಕೊನೆಯ ಹತ್ತು ನಿಮಿಷದಲ್ಲಿ ಸವರಬೇಕು, ಮೊದಲೇ ಹಚ್ಚಿದರೆ ಕರಿಕಾಗುತ್ತದೆ. ಬಿಜಾಪುರದ ಕಡೆಯ ನಾನು ಇದನ್ನು ಬಿಸಿ ಜೋಳದ ರೊಟ್ಟಿಗೆ ತುಪ್ಪದ ಜೊತೆ ಹಚ್ಚಿಕೊಂಡು ತಿನ್ನುತ್ತೇನೆ. ಸಂತೆಯವರಿಗೆ ಅದು ಇನ್ನೂ ವಿಚಿತ್ರವೇ.

ಬರ್ಬನ್ ಸುರಿದು ಬೆಂಕಿ ಹಚ್ಚಿದರೆ ಮದ್ಯಾಂಶವೆಲ್ಲ ಹಾರಿಹೋಗುತ್ತದೆ ಎಂದು ನಂಬುವವರು ಬಹಳ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ ಹಾಗೆ ಉರಿಸಿದರೂ ಸುಮಾರು ಶೇ. 75ರಷ್ಟು ಉಳಿಯುತ್ತದೆ, ಒಂದು ಗಂಟೆ ಕುದಿಸಿದರೂ ಶೇ. 25ರಷ್ಟು. ಆದ್ದರಿಂದ ಮದ್ಯ ಮುಟ್ಟದ ಅತಿಥಿಗಳಿಗೆ ಬೇಯಿಸಿದ ಪದಾರ್ಥವನ್ನೂ ಕೇಳದೆ ಬಡಿಸುವುದಿಲ್ಲ, ಮಾರುವ ಮುನ್ನ ಪ್ರತಿ ಪೀಪಾಯಿಯ ಪಾಕದ ಮದ್ಯಾಂಶವನ್ನು ಪ್ರಯೋಗಾಲಯದಲ್ಲಿ ಅಳೆಸುತ್ತೇನೆ.

ಸೋರದೆ ಉಳಿದ ಪೀಪಾಯಿಯಿಂದ ಎಂಟು ಔನ್ಸಿನ ಬಾಟಲಿಗಳು ನೂರನಲವತ್ತರಷ್ಟು ಬಂದವು. ತಲಾ ಹದಿನಾರು ಡಾಲರಿಗೆ ಮಾರಿ, ಪಾಕ, ಗಾಜು, ಚೀಟಿ, ಪರೀಕ್ಷೆಯ ಶುಲ್ಕ ಎಲ್ಲ ಕಳೆದರೆ ಸಾವಿರದ ಮೇಲೆ ಉಳಿಯಿತು, ಹರಿದುಹೋದ ಮೊದಲ ಪೀಪಾಯಿಯ ನಷ್ಟವೂ ತೀರಿತು. ಸೋರದ ಆ ಪೀಪಾಯಿಗೇ ಎರಡನೆಯ ಸಲ ತುಂಬಿದ ಪಾಕದಲ್ಲಿ ಮರದ ರುಚಿಯಷ್ಟೇ ಇತ್ತು, ಬರ್ಬನ್ ಇರಲಿಲ್ಲ. ಅದನ್ನು ಅಗ್ಗವಾಗಿ ಬೇಕರಿಯೊಂದಕ್ಕೆ ಕೊಟ್ಟೆ. ಹಲಗೆಗಳನ್ನು ಬಿಚ್ಚಿ ಮಾಂಸಕ್ಕೆ ಹೊಗೆ ಹಾಕುವವರಿಗೆ ಮಾರಿದ್ದರಲ್ಲಿ ಇನ್ನೊಂದು ಮೂವತ್ತು ಡಾಲರ್ ಸಿಕ್ಕಿತು.